ಹುನಗುಂದದ ತವರು

ಆಕೆ ನಮ್ಮ ಬಳಗದವಳಲ್ಲ. ಬಾದಾಮಿ ಕಡೆಯ ಹುಡುಗಿ. ನಮ್ಮ ಕಾಕಾನ ಜೊತೆ ಮದುವೆ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಹಂಚುವ ಮೊದಲೇ ಕಾಕಾ ಮೋಟಾರ್‌ಸೈಕಲ್ ಮೇಲಿಂದ ಬಿದ್ದು ತೀರಿಕೊಂಡ. ನಾನಾಗ ಸಾಲಿಗೆ ಹೋಗಲು ಶುರು ಮಾಡಿದ್ದೆ ಅಷ್ಟೆ. ಮನೆ ತುಂಬ ಜನ ಅಳುತ್ತಿದ್ದದ್ದು ನೆನಪಿದೆ, ಕಾಕಾನ ಮುಖ ಸರಿಯಾಗಿ ನೆನಪಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಆಕೆ ತನ್ನ ಅಣ್ಣನ ಜೊತೆ ಹುನಗುಂದಕ್ಕೆ ಬಂದಳು. ನಿಶ್ಚಯದ ದಿನ ನಾವು ಉಡಿಸಿದ್ದ ಸೀರೆ, ಹಾಕಿದ್ದ ಉಂಗುರ ತಿರುಗಿ ಕೊಡಲು ಬಂದಿದ್ದರು. ಅಣ್ಣ ಹೊರಗೆ ಕಟ್ಟೆಯ ಮೇಲೇ ಕೂತ. ಆಕೆ ಒಳಗೆ ಬಂದು ಗಂಟನ್ನು ಅಜ್ಜಿಯ ಮುಂದಿಟ್ಟು ತಲೆ ತಗ್ಗಿಸಿ ನಿಂತಳು. ಹುಡುಗಿಯ ಕಾಲ್ಗುಣ ಸರಿಯಿಲ್ಲ ಅಂತ ಊರವರು ಆಡಿಕೊಂಡದ್ದು ಆಕೆಯ ಕಿವಿಗೂ ಬಿದ್ದಿತ್ತು.

ಅಜ್ಜಿ ಗಂಟು ಮುಟ್ಟಲಿಲ್ಲ. "ಉಂಡೀಯೇನು?" ಅಂದಳು.

ಇಲ್ಲವೆಂದು ಆಕೆ ತಲೆ ಆಡಿಸಿದಳು.

"ಕೈಕಾಲು ತೊಳ್ಕೊ, ರೊಟ್ಟಿ ಬಿಸಿ ಅದಾವ. ಕೊಟ್ಟದ್ದು ತಿರುಗಿ ಇಸಕೊಳ್ಳಾಕ ನಾ ಏನು ಅಂಗಡಿ ಇಟ್ಟೇನಿ? ಸೊಸಿ ಆಗಾಕ ದೇವರು ಬಿಡಲಿಲ್ಲ. ಮಗಳಂಗ ಬಂದು ಹೋಗು."

ಆಕೆ ಗೋಡೆಗೆ ಆತು ಕೂತು ಅತ್ತಳು. ಆಕೆಯ ತಲೆಯ ಮೇಲೆ ಕೈ ಇಟ್ಟು ಅಜ್ಜಿಯೂ ಅತ್ತಳು.

ಮುಂದೆ ಬಾಗಲಕೋಟೆಯವರೊಬ್ಬರ ಜೊತೆ ಆಕೆಯ ಮದುವೆಯಾಯಿತು. ಒಲ್ಲೆ ಅಂತಿದ್ದವಳನ್ನು ಒಪ್ಪಿಸಿದವಳು ಅಜ್ಜಿಯೇ. ಪ್ರತಿ ವರ್ಷ ನಾಗರ ಪಂಚಮಿಗೆ ತವರು ಬಾದಾಮಿಗೆ ಹೋದವಳು ಅಲ್ಲಿಂದ ನಮ್ಮಲ್ಲಿಗೂ ಬಂದು ಉಳಿಯುತ್ತಿದ್ದಳು. ನಾನು ಅತ್ತಿ ಅನ್ನುತ್ತಿದ್ದೆ, ಆಕೆಯ ಗಂಡನಿಗೆ ಮಾಮಾ. ಅಜ್ಜಿ ಹೋದ ಮೇಲೂ ಬರುವುದು ಬಿಡಲಿಲ್ಲ.

ನನ್ನ ಮೊದಲ ಕೂಸು ಉಳಿಯದಿದ್ದಾಗ ದವಾಖಾನೆಗೆ ಬಂದವರೆಲ್ಲ ಧೈರ್ಯ ಹೇಳಿ ಹೋದರು. ಅತ್ತಿ ಮಾತ್ರ ಮಂಚದ ತುದಿಗೆ ಕೂತು ನನ್ನ ಪಾದ ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದಳು. "ಅಳು. ಯಾರ ಸಲುವಾಗಿ ತಡಕೊಳ್ಳಾಕತ್ತೀ?" ಅಂದಳು. ನಾನು ಅತ್ತದ್ದು ಆಗಲೇ.

ಹೋದ ವರ್ಷ ಅತ್ತಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ತೀರಿಕೊಂಡಳೆಂದು ಫೋನ್ ಬಂದ ಬೆಳಿಗ್ಗೆ ಅಪ್ಪ ಮತ್ತು ನಾನು ಒಂದು ಸೀರೆ ತೆಗೆದುಕೊಂಡು ಬಾಗಲಕೋಟೆಗೆ ಹೋದೆವು. ಮುತ್ತೈದೆ ತೀರಿಕೊಂಡರೆ ತವರಿನವರು ಸೀರೆ ತಂದು ಹೊದಿಸುತ್ತಾರೆ. ಬಾದಾಮಿಯ ಅಣ್ಣ ಆಗಲೇ ತಂದಿದ್ದ. ಅಪ್ಪ ಕೈಚೀಲ ಹಿಡಿದು ಬಾಗಿಲ ಹೊರಗೇ ನಿಂತುಬಿಟ್ಟ. ಒಡಹುಟ್ಟಿದವರ ಎದುರು ನಾವು ಯಾರು ಅನ್ನುವ ಸಂಕೋಚ.

ಮಾಮಾ ತಾವೇ ಎದ್ದು ಬಂದರು. "ಒಳಗ ಬರ್ರಿ ಅಣ್ಣಾರ. ಹುನಗುಂದದ ಸೀರಿ ಬರೂತನಾ ನನ್ನ ಎತ್ತಬ್ಯಾಡ್ರಿ ಅಂತ ಹೇಳೇ ಹೋಗ್ಯಾಳ," ಅಂದರು. ಅಪ್ಪನ ಕೈ ಹಿಡಿದು ಕರೆದೊಯ್ದರು. ಎರಡೂ ಸೀರೆ ಹೊದಿಸಿದರು.

ತಿರುಗಿ ಬರುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಸತ್ತ ತಮ್ಮನ ಮಾತನ್ನು ಅವನು ಎಂದೂ ಎತ್ತಿದವನಲ್ಲ. ಅಮೀನಗಡ ದಾಟಿದ ಮೇಲೆ ತಾನಾಗಿಯೇ ಅಂದ: "ಆಕಿನ್ನ ನೋಡಾಕ ಬಾದಾಮಿ ಹತ್ರ ಮಹಾಕೂಟದ ಗುಡಿಗೆ ಹೋಗಿದ್ವಿ. ಹೊಳ್ಳಿ ಬರುವಾಗ ನಿಮ್ಮ ಕಾಕಾ ಊರು ಬರೂತನಾ ಬಸ್ಸಿನ್ಯಾಗ ಹಾಡಕೋತ ಬಂದ. ಅಷ್ಟು ಮನಸಿಗೆ ಬಂದಿದ್ಲು ಅಂವಗ."

"ಅತ್ತಿ ಮುಂದ ಹೇಳಿದ್ದೇನಪ್ಪಾ?"

"ಇಲ್ಲ. ಗಂಡನ ಮನ್ಯಾಗ ಚಲೋ ಇದ್ಲು, ಯಾಕ ಹೇಳೂದು ಅಂತ ಬಿಟ್ಟೆ." ಖಾಲಿ ಕೈಚೀಲ ಮಡಚಿ ತೊಡೆಯ ಮೇಲಿಟ್ಟುಕೊಂಡು, "ಹೇಳಬೇಕಿತ್ತೇನೊ," ಅಂದ.

ಮನೆಯಲ್ಲಿ ಅವ್ವ ನೀರು ಕಾಯಿಸಿಟ್ಟಿದ್ದಳು. ಜಳಕಕ್ಕೆ ಹೋದ ಅಪ್ಪ ಬಹಳ ಹೊತ್ತು ಹೊರಗೆ ಬರಲಿಲ್ಲ.