ಬೀಗಿತ್ತಿಯರ ಗಾಡಿ

ಬೇಕರಿಯಲ್ಲಿ ಆಕೆಯನ್ನು ಎಲ್ಲರೂ ನಿಧಾನಮ್ಮ ಎಂದೇ ಕರೆಯುತ್ತಿದ್ದರು. ಬ್ರೆಡ್ಡಿನ ವ್ಯಾನನ್ನು ಆಕೆ ಓಡಿಸುತ್ತಿದ್ದ ರೀತಿಗೆ ಬಿದ್ದ ಹೆಸರು ಅದು. ಹಿಂದಿನಿಂದ ಯಾರು ಎಷ್ಟು ಹಾರನ್ ಹೊಡೆದರೂ ಆಕೆ ವೇಗ ಹೆಚ್ಚಿಸುತ್ತಿರಲಿಲ್ಲ. ಟ್ರೇಗಳಲ್ಲಿ ಬಿಸಿ ಆರದ ಬನ್ನುಗಳಿರುತ್ತವೆ, ಗಕ್ಕನೆ ಬ್ರೇಕ್ ಒತ್ತಿದರೆ ಒಂದರ ಮೇಲೊಂದು ಬಿದ್ದು ಚಪ್ಪಟೆಯಾಗುತ್ತವೆ, ಅಂಗಡಿಯವರು ಮುಖ ಸಿಂಡರಿಸಿ ವಾಪಸ್ ಕಳಿಸುತ್ತಾರೆ. ಆಕೆಯ ಕಾರಣ ಇಷ್ಟೇ. ಮಗ ಚಿಕ್ಕವನಿದ್ದಾಗಲೇ ಗಂಡ ತೀರಿಕೊಂಡಿದ್ದ. ಆ ವ್ಯಾನು ಓಡಿಸಿಕೊಂಡೇ ಮಗನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಊಟಕ್ಕೆ ಕೂರುವ ಅಭ್ಯಾಸವೇ ಆಕೆಗೆ ತಪ್ಪಿಹೋಗಿತ್ತು; ಮನೆಯಲ್ಲೂ ಅಡುಗೆಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದಳು.

ಮಗ ಫೋಟೋಗ್ರಾಫರ್ ಆದ. ಮೆಚ್ಚಿ ಮದುವೆಯಾದ ಹುಡುಗಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವಳು. ಇಬ್ಬರದೂ ಒಂದೇ ಕಡೆ ಕೂತು ಮಾಡಬೇಕಾದ ಕೆಲಸವಲ್ಲ. ಬಾಡಿಗೆ ಮನೆ ಬಿಟ್ಟು, ಹಳೆಯದೊಂದು ಮೋಟಾರ್‌ಹೋಮ್ ಕೊಂಡು, ಇನ್ನು ಮೇಲೆ ಇದೇ ನಮ್ಮ ಮನೆ, ಊರೂರು ಸುತ್ತುತ್ತ ಇರುತ್ತೇವೆ ಎಂದರು. ಒಳಗೆ ಎರಡು ಉರಿಯ ಒಲೆ, ಬಟ್ಟಲಿನಷ್ಟು ಸಿಂಕು, ಮಡಚಿದರೆ ಹಾಸಿಗೆಯಾಗುವ ಮೇಜು, ಬೀರುವಿನಷ್ಟೇ ಅಗಲದ ಬಚ್ಚಲು. ಡ್ರೈವರ್ ಸೀಟಿನ ಮೇಲೆ ಅಟ್ಟದಂಥ ಮಲಗುವ ಜಾಗ. ಹುಡುಗಿಯ ತಾಯಿ ಹಳದಿ ಬಟ್ಟೆ ತಂದು ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟರು.

ವರ್ಷದ ಮೇಲೆ ಸ್ವಲ್ಪ ದಿನ ಗಂಡ ಹೆಂಡತಿ ಹಾಗೆ ತಿರುಗಿದರು. ಮೊದಮೊದಲು ಅವರು ಕಳಿಸುತ್ತಿದ್ದ ಫೋಟೋಗಳಲ್ಲಿ ಸಮುದ್ರ, ಸಮುದ್ರದ ಮುಂದೆ ಇಬ್ಬರೂ. ಆಮೇಲಾಮೇಲೆ ಬರೀ ಸಮುದ್ರ. ಒಂದು ದಿನ ಸೊಸೆ ಯಾವುದೋ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಾಯಿಯ ಮನೆಗೆ ಹೋದಳು. ಮಗ ಗಾಡಿಯನ್ನು ತಂದು ತನ್ನ ತಾಯಿಯ ಓಣಿಯಲ್ಲಿ ನಿಲ್ಲಿಸಿದ.

"ಏನಾಯ್ತೋ?" ಎಂದು ನಿಧಾನಮ್ಮ ಕೇಳಿದಳು.

"ಏನೂ ಆಗ್ಲಿಲ್ಲಮ್ಮ. ಜಗಳ ಆಡಿದ್ರೆ ಎದ್ದು ಹೋಗೋಕೆ ಇನ್ನೊಂದು ರೂಮಿಲ್ಲ ಅದರಲ್ಲಿ."

ಆಕೆಗೆ ಸಿಕ್ಕ ವಿವರಣೆ ಅಷ್ಟೇ. ಕೋರ್ಟಿನಲ್ಲಿ ವಿಚ್ಛೇದನವಾಯಿತು. ಮಗ ಬೇರೆ ಊರಿನಲ್ಲಿ ಸ್ಟುಡಿಯೋ ಕೆಲಸ ಹಿಡಿದ. ಗಾಡಿ ಮಾತ್ರ ಓಣಿಯಲ್ಲೇ ಉಳಿಯಿತು. ಅದು ಇಬ್ಬರ ಹೆಸರಿನಲ್ಲಿತ್ತು, ಇಬ್ಬರಿಗೂ ಬೇಡವಾಗಿತ್ತು. ಪಾರಿವಾಳಗಳು ಅದರ ನೆತ್ತಿಯ ಮೇಲೆ ಸಂಸಾರ ಹೂಡಿದವು. ಎದುರು ಮನೆಯವರು ಬೆಳಕು ಬರುತ್ತಿಲ್ಲ ಎಂದು ಗೊಣಗಿದರು.

ಆಗ ಒಂದು ಭಾನುವಾರ ಬೀಗಿತ್ತಿ ಬಂದರು. ಸೊಸೆಯ ತಾಯಿ; ಮಕ್ಕಳ ಸಂಬಂಧ ಕಡಿದುಹೋದ ಮೇಲೂ ನಿಧಾನಮ್ಮನ ಬಾಯಲ್ಲಿ ಅವರು ಬೀಗಿತ್ತಿಯೇ. ಗಿಡ್ಡ ಹೆಂಗಸು, ಬಾಯಿ ಮಾತ್ರ ಉದ್ದ. ಪ್ಯಾಂಟಿನ ಉದ್ದ ಕಡಿಮೆ ಮಾಡುವ, ಜಿಪ್ ಬದಲಿಸುವ ಚಿಕ್ಕ ಅಂಗಡಿ ನಡೆಸುತ್ತಿದ್ದರು. ಅವರ ಗಂಡ ಎಂದೋ ಬೇರೆ ಊರಲ್ಲಿ ಬೇರೆ ಸಂಸಾರ ಕಟ್ಟಿಕೊಂಡಿದ್ದ. ಗಾಡಿಯಲ್ಲಿ ಮಗಳ ಬಣ್ಣದ ಡಬ್ಬಿಗಳೂ ಬಟ್ಟೆಗಳೂ ಉಳಿದಿದ್ದವು, ಒಯ್ಯಲು ಬಂದಿದ್ದರು. ಬಾಗಿಲಿನ ಬೀಗ ತುಕ್ಕು ಹಿಡಿದು ಕೀಲಿ ತಿರುಗಲಿಲ್ಲ. ಇಬ್ಬರೂ ಸರದಿಯ ಮೇಲೆ ತಿರುಗಿಸಿ ಸುಸ್ತಾದರು.

"ಬೀಗರಂತೆ ಬೀಗರು! ಒಂದು ಬೀಗ ತೆಗೆಯೋ ಯೋಗ್ಯತೆ ಇಲ್ಲ ನಮಗೆ," ಎಂದರು ಬೀಗಿತ್ತಿ.

ನಿಧಾನಮ್ಮನಿಗೆ ನಗು ಬಂತು. ಎಣ್ಣೆ ಬಿಟ್ಟು ಬಾಗಿಲು ತೆರೆದರು. ಒಳಗಿನ ಮುಗ್ಗಲು ವಾಸನೆಗೆ ಕಿಟಕಿಗಳನ್ನೆಲ್ಲ ತೆಗೆದು, ಒಬ್ಬರು ಗುಡಿಸಿದರು, ಒಬ್ಬರು ಒರೆಸಿದರು. ಬೀಗಿತ್ತಿ ತಾವೇ ಹೊಲಿದ ಪರದೆಯ ಅಂಚು ಬಿಚ್ಚಿಕೊಂಡಿದ್ದನ್ನು ಕಂಡು ಅಲ್ಲೇ ಕೂತು ಸೂಜಿ ಹಾಕಿದರು. ಮಗಳ ಸಾಮಾನು ತೆಗೆದುಕೊಳ್ಳುವಷ್ಟರಲ್ಲಿ ಸಂಜೆಯಾಗಿತ್ತು.

ಗಾಡಿ ಕೊಳ್ಳುತ್ತೇನೆ ಎಂದು ದೂರದ ಬಂದರಿನ ಊರಿನವನೊಬ್ಬ ಫೋನ್ ಮಾಡಿದ. ಒಯ್ದು ತೋರಿಸಬೇಕಿತ್ತು. ಮಗ ಬರುವುದಿಲ್ಲ ಎಂದ. ಹುಡುಗಿ, ನಮ್ಮ ಕಡೆಯವರೂ ಒಬ್ಬರು ಜೊತೆಗಿರಲಿ ಎಂದಳು. ಹೀಗಾಗಿ ತಾಯಂದಿರಿಬ್ಬರೂ ಹೊರಟರು. ಬೇರೆ ಯಾರಾದರೂ ಒಂದು ದಿನದಲ್ಲಿ ಮುಟ್ಟುತ್ತಿದ್ದ ಊರಿಗೆ ನಿಧಾನಮ್ಮ ಮೂರು ದಿನ ತೆಗೆದುಕೊಂಡಳು. ಬೀಗಿತ್ತಿ ಪಕ್ಕದ ಸೀಟಿನಲ್ಲಿ ಕೂತು, ಹಿಂದಿಕ್ಕಿ ಹೋಗುವ ಲಾರಿಯವರಿಗೆಲ್ಲ ಕೈ ಬೀಸಿದರು. ಅಷ್ಟು ದೂರ ಅವರು ಎಂದೂ ಹೋಗಿರಲಿಲ್ಲ.

ಕೊಳ್ಳುವವನು ಗಾಡಿಯ ಸುತ್ತ ಬಂದು, ಮೈ ತಟ್ಟಿ, ಚಕ್ರಕ್ಕೆ ಒದ್ದು ನೋಡಿದ. ಒಳಗೆ ಹತ್ತಿ, "ಇದನ್ನೆಲ್ಲ ಕಿತ್ತು ಹಾಕ್ತೀನಿ. ಪಾರ್ಸೆಲ್ ಸಾಗಿಸೋಕೆ ಬರೀ ಡಬ್ಬ ಸಾಕು ನಂಗೆ," ಎಂದ. ಪರದೆಯನ್ನು ಎಳೆದು ಅದರಲ್ಲೇ ಕೈ ಒರೆಸಿಕೊಂಡ.

ಬೀಗಿತ್ತಿ ಹೊರಗೆ ಬಂದು ನಿಧಾನಮ್ಮನ ತೋಳು ಹಿಡಿದು, "ಇವನಿಗೆ ಬೇಡ," ಎಂದರು.

"ಇವನಿಗಲ್ಲದೆ ಇನ್ಯಾರಿಗೆ? ಬೇರೆ ಯಾರೂ ಕೇಳಿಲ್ಲ."

"ಯಾರಿಗೂ ಬೇಡ. ನಿಮಗೇನು ಮನೇಲಿ ಅಂಥ ಘನಂದಾರಿ ಕೆಲಸ ಕಾಯ್ತಿದೆ?"

ಕೆಲಸವೇನೂ ಕಾಯುತ್ತಿರಲಿಲ್ಲ. ಬೇಕರಿಯವರು ಹೊಸ ವ್ಯಾನುಗಳ ಜೊತೆಗೆ ಹೊಸ ಡ್ರೈವರುಗಳನ್ನೂ ತಂದಿದ್ದರು. ಬೀಗಿತ್ತಿಯ ಅಂಗಡಿಯಿದ್ದ ಕಟ್ಟಡವನ್ನು ಕೆಡವುವ ಮಾತು ನಡೆದಿತ್ತು. ವಾಪಸ್ ಬರುವಾಗ ಸುತ್ತು ದಾರಿ ಹಿಡಿದರು. ಆ ಸುತ್ತು ಮುಗಿಯಲೇ ಇಲ್ಲ. ನಡುವೆ ಒಮ್ಮೆ ಊರಿಗೆ ಹೋಗಿ ಹೊಲಿಗೆ ಮಿಷನ್ ಹೇರಿಕೊಂಡು ಬಂದರು. ಮಕ್ಕಳಿಬ್ಬರೂ, ಬೇರೆಬೇರೆ ಫೋನಿನಲ್ಲಿ, ಒಂದೇ ಮಾತು ಹೇಳಿದರು: "ಏನಾದ್ರೂ ಮಾಡ್ಕೊಳ್ಳಿ."

ಗಾಡಿಗಳು ತಂಗುವ ಮೈದಾನಗಳಲ್ಲಿ ಬೀಗಿತ್ತಿಗೆ ಕೆಲಸಕ್ಕೆ ಬರವಿರಲಿಲ್ಲ. ಡೇರೆಯ ಜಿಪ್ ಕೈಕೊಟ್ಟಿರುತ್ತಿತ್ತು, ಕುರ್ಚಿಯ ಕ್ಯಾನ್ವಾಸ್ ಹರಿದಿರುತ್ತಿತ್ತು. ಮೇಜಿನ ಮೇಲೆ ಮಿಷನ್ ಇಟ್ಟು ಹೊಲಿಯುತ್ತಿದ್ದರು. ಮಂಡಿನೋವಿನಿಂದ ಅಟ್ಟ ಹತ್ತಲಾಗದ ಅವರಿಗೆ ಮೇಜೇ ಹಾಸಿಗೆ. ಮಲಗುವ ಮುಂಚೆ ಮಿಷನ್ ಇಳಿಸಬೇಕು, ಎದ್ದ ಮೇಲೆ ಏರಿಸಬೇಕು. ಚಕ್ರದ ಕೆಳಗೆ ಮರದ ತುಂಡು ಕೊಟ್ಟು ಗಾಡಿಯನ್ನು ಮಟ್ಟ ಮಾಡುವುದು, ನೀರು ತುಂಬುವುದು, ಗ್ಯಾಸ್ ಬದಲಿಸುವುದು ನಿಧಾನಮ್ಮನ ಪಾಲು. ಕಕ್ಕಸಿನ ಡಬ್ಬ ಖಾಲಿ ಮಾಡುವ ವಿಷಯದಲ್ಲಿ ಮಾತ್ರ ಒಪ್ಪಂದವಾಗಲಿಲ್ಲ.

"ಗಂಡಿನ ಕಡೆಯವರು ಅಂತ ದೌಲತ್ತಾ? ಇವತ್ತು ನಿಮ್ಮ ಸರದಿ," ಎನ್ನುತ್ತಿದ್ದರು ಬೀಗಿತ್ತಿ.

"ಹೆಣ್ಣಿನ ಕಡೆಯವರು ಉಪಚಾರ ಮಾಡ್ಬೇಕು ಕಣ್ರೀ. ಇದೂ ಒಂದು ಉಪಚಾರ."

ಅಕ್ಕಪಕ್ಕದ ಗಾಡಿಯವರು ಕೇಳುತ್ತಿದ್ದರು, ನೀವು ಅಕ್ಕತಂಗಿಯರಾ ಎಂದು. ಅಲ್ಲ, ಬೀಗರು. ಹಾಗಾದರೆ ಮಗ ಸೊಸೆ ಎಲ್ಲಿ? ಅವರು ಬೇರೆಯಾದರು. ಕೇಳಿದವರು ಜಿಪ್ ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಕೇಳಿ ಹೋಗುತ್ತಿದ್ದರು. ಮಕ್ಕಳ ತಪ್ಪು ಒಪ್ಪುಗಳ ಮಾತು ಎತ್ತಬಾರದೆಂದು ಅವರೇನೂ ಆಣೆ ಮಾಡಿಕೊಂಡಿರಲಿಲ್ಲ, ಎತ್ತುತ್ತಿರಲಿಲ್ಲ ಅಷ್ಟೇ.

ಒಂದು ಮಳೆಗಾಲದಲ್ಲಿ ಗೇರ್ ಬಾಕ್ಸ್ ಕೆಟ್ಟು, ಬಿಡಿಭಾಗ ಬರುವ ತನಕ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಕಾಯಬೇಕಾಯಿತು. ಹೊರಗೆ ಕಾಲಿಡುವ ಹಾಗಿರಲಿಲ್ಲ. ಆಗ ಬಂತು ಮಾತು.

"ನಿಮ್ಮ ಮಗ ಒಂದೇ ಒಂದು ಸಲ ಬಂದು ಕರೆದಿದ್ರೆ ಹೋಗಿರೋಳು ನನ್ನ ಮಗಳು," ಎಂದರು ಬೀಗಿತ್ತಿ, ದಾರ ಪೋಣಿಸುತ್ತ.

"ನಿಮ್ಮ ಮಗಳು ಬಸ್ ಹತ್ತೋ ಮುಂಚೆ ಒಂದು ಸಲ ಹಿಂದಿರುಗಿ ನೋಡಿದ್ರೆ ಇವನೂ ಕರೆದಿರೋನು."

ಅಲ್ಲಿಗೆ ಮಾತು ನಿಂತಿತು. ನಿಧಾನಮ್ಮ ಡ್ರೈವರ್ ಸೀಟಿಗೆ ಹೋಗಿ ಕೂತಳು, ಬೀಗಿತ್ತಿ ಹಿಂದೆ. ಊಟ ಬಡಿಸಿದಾಗ ತಟ್ಟೆ ಸದ್ದು ಮಾಡಿ ಇಡುವುದು, ಎತ್ತಿಕೊಳ್ಳುವುದು. ಕೊನೆಗೆ ಬೀಗಿತ್ತಿ ದಪ್ಪ ಕ್ಯಾನ್ವಾಸಿನಲ್ಲಿ ಒಂದು ಪರದೆ ಹೊಲಿದು ಸೀಟಿಗೂ ಮನೆಗೂ ನಡುವೆ ಉಂಗುರ ಹಾಕಿ ತೂಗುಬಿಟ್ಟರು. "ಯಾರಿಗೆ ಸಿಟ್ಟು ಬರುತ್ತೋ ಅವರು ಎಳ್ಕೊಳ್ಳಿ. ಇನ್ನೊಬ್ಬರು ಸರಿಸಬಾರದು," ಎಂದು ಪರದೆಗೆ ಹೇಳುವಂತೆ ಹೇಳಿದರು. ನಿಧಾನಮ್ಮ ಅದನ್ನು ಎಳೆದುಕೊಂಡು ಚೆನ್ನಾಗಿ ನಿದ್ದೆ ಮಾಡಿದಳು. ಎದ್ದವಳು ಪರದೆ ಸರಿಸಿ ಟೀಗೆ ನೀರಿಟ್ಟಳು.

ಹೀಗೆ ಕೆಲವು ವರ್ಷ ಕಳೆದವು. ಒಂದು ಮಧ್ಯಾಹ್ನ ಬೀಗಿತ್ತಿ ಗಿರಾಕಿಗಳದಲ್ಲದ ಬಟ್ಟೆಯೊಂದನ್ನು ಹೊಲಿಯುತ್ತಿದ್ದರು. ತೆಳು ನೀಲಿ, ಒಳ್ಳೆಯ ಬಟ್ಟೆ.

"ಯಾರದ್ರೀ ಇದು?"

ಮಿಷನ್ ನಿಂತಿತು. "ಮಗಳದು. ಬರೋ ತಿಂಗಳು ಮದುವೆ."

ನಿಧಾನಮ್ಮ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. "ಬಣ್ಣ ಒಪ್ಪುತ್ತೆ ಅವಳಿಗೆ. ಎಲ್ಲಿ ಮದುವೆ ಹೇಳಿ, ಬಿಟ್ಟು ಬರ್ತೀನಿ."

ನೋಂದಣಿ ಕಚೇರಿಯಲ್ಲಿ ಸಹಿ, ಪಕ್ಕದ ಸಭಾಂಗಣದಲ್ಲಿ ಊಟ. ನಿಧಾನಮ್ಮ ಗಾಡಿಯನ್ನು ಅಂಗಳದ ಮೂಲೆಯಲ್ಲಿ ನಿಲ್ಲಿಸಿ ಒಳಗೇ ಉಳಿದಳು. ಸಹಿಯಾದ ಮೇಲೆ ಹುಡುಗಿ ನೀಲಿ ಬಟ್ಟೆಯಲ್ಲಿ ಒಬ್ಬಳೇ ಬಂದು ಮೆಟ್ಟಿಲು ಹತ್ತಿದಳು. "ಅತ್ತೆ," ಎಂದವಳು ತಡೆದಳು. "ಈಗ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ."

"ಬಾಯಿಗೆ ಬಂದ ಹಾಗೆ ಕರಿ."

ಹುಡುಗಿ ನಕ್ಕಳು. ಒಲೆಯನ್ನು, ಅಟ್ಟವನ್ನು, ಹೊಸ ಪರದೆಯನ್ನು ನೋಡಿದಳು. ಚಿಕ್ಕದಾಗಿ ಕಾಣುತ್ತದೆ ಎಂದಳು. ಊಟಕ್ಕೆ ಬರಲೇಬೇಕೆಂದು ಕೈ ಹಿಡಿದು ಎಬ್ಬಿಸಿದಳು. ನಿಧಾನಮ್ಮ ಕೂದಲು ಸರಿಮಾಡಿಕೊಂಡು ಹೊರಟಳು.

ಸಭಾಂಗಣದ ಬಾಗಿಲಲ್ಲಿ ಬೀಗಿತ್ತಿಯ ಪಕ್ಕ ಹೊಸ ಬೀಗಿತ್ತಿ, ಗಂಡಿನ ತಾಯಿ, ನಿಂತಿದ್ದರು. ಎತ್ತರದ ಹೆಂಗಸು, ನಗುಮುಖ. "ಇವರು ಯಾರು, ಪರಿಚಯ ಆಗಲಿಲ್ಲ?" ಎಂದು ಕೇಳಿದರು. ಸುತ್ತ ಗಂಡಿನ ಕಡೆಯವರೆಲ್ಲ ಇದ್ದರು.

"ಇವರು ನಮ್ಮ ಡ್ರೈವರ್," ಎಂದರು ಬೀಗಿತ್ತಿ.

"ಹೌದು," ಎಂದಳು ನಿಧಾನಮ್ಮ.

ಊಟ ಬಡಿಸಿದರು, ಉಂಡಳು. ಕೂತೇ ಉಂಡಳು. ಕೈ ತೊಳೆದು ಗಾಡಿಗೆ ಬಂದಾಗ ಹಿಂದೆಯೇ ಬೀಗಿತ್ತಿಯೂ ಬಂದರು. ಏನೋ ಹೇಳಲು ನೋಡಿದರು. ನಿಧಾನಮ್ಮ ಅವರ ಚೀಲವನ್ನು ಎತ್ತಿ ಕೆಳಗೆ ಕೊಟ್ಟಳು. "ಮಗಳ ಹತ್ತಿರ ನಾಕು ದಿನ ಇದ್ದು ಬನ್ನಿ. ನಂದೇನೂ ಅವಸರ ಇಲ್ಲ." ಮಾತಿನಲ್ಲಿ ಬಿಸಿಯಿರಲಿಲ್ಲ. ಬೀಗಿತ್ತಿ ಚೀಲ ಹಿಡಿದು ಅಂಗಳದಲ್ಲಿ ನಿಂತರು. ಗಾಡಿ ಗೇಟು ದಾಟಿತು.

ನಾಲ್ಕು ದಿನ ನಾಲ್ಕು ತಿಂಗಳಾಯಿತು. ನಿಧಾನಮ್ಮ ಒಬ್ಬಳೇ ತಿರುಗಿದಳು. ಮೈದಾನಗಳಲ್ಲಿ ಜನ ಹರಿದ ಡೇರೆ ಹಿಡಿದು ಬಂದು, ಹೊಲಿಯುವ ಅಮ್ಮ ಇಲ್ಲವಾ ಎಂದು ಕೇಳುತ್ತಿದ್ದರು. ಊರಿಗೆ ಹೋಗಿದ್ದಾರೆ ಎನ್ನುತ್ತಿದ್ದಳು. ಮಿಷನ್ ಮೇಜಿನ ಮೇಲೇ ಇತ್ತು. ಇಳಿಸುವವರಿರಲಿಲ್ಲ, ಆಕೆಗೆ ಮೇಜೂ ಬೇಕಿರಲಿಲ್ಲ. ಸಿಟ್ಟು ಬೇಗ ಇಳಿದಿತ್ತು. ಅದು ಇಳಿದ ಜಾಗದಲ್ಲಿ ಏನಿತ್ತು ಎಂದು ಆಕೆ ಕೆದಕಿ ನೋಡಲಿಲ್ಲ. ರೇಡಿಯೋ ಹಾಕುತ್ತಿದ್ದಳು, ಬೇಸರವಾಗಿ ಆರಿಸುತ್ತಿದ್ದಳು. ಒಮ್ಮೆ ಫೋನಿನಲ್ಲಿ "ಮಿಷನ್ ಕಳಿಸಲಾ?" ಎಂದು ಬರೆದು ಕಳಿಸಿದಳು. ಉತ್ತರ ಬರಲಿಲ್ಲ.

ಆಮೇಲೊಂದು ದಿನ ಮೈದಾನದ ಕಾವಲುಗಾರನ ಜೊತೆ ಬೀಗಿತ್ತಿ ನಡೆದು ಬಂದರು, ಅದೇ ಚೀಲ ಹೊತ್ತು, ಮೈದಾನದಿಂದ ಮೈದಾನಕ್ಕೆ ವಿಚಾರಿಸಿಕೊಂಡು. ನಿಧಾನಮ್ಮ ಟೈರಿಗೆ ಗಾಳಿ ಹೊಡೆಯುತ್ತಿದ್ದಳು, ನಿಲ್ಲಿಸಲಿಲ್ಲ.

"ಹೊಸ ಬೀಗಿತ್ತಿ ಹೇಗೆ?"

"ಬಹಳ ಒಳ್ಳೆಯವರು. ಕೂತಲ್ಲಿಗೇ ಕಾಫಿ ತಂದುಕೊಡ್ತಾರೆ. ಏನು ಹೇಳಿದ್ರೂ ಹೌದು ಹೌದು ಅಂತಾರೆ."

"ಮತ್ತೆ ಇನ್ನೇನು?"

"ಇನ್ನೇನು, ಸಾಕಾಯ್ತು." ಬೀಗಿತ್ತಿ ಚೀಲವನ್ನು ಮೆಟ್ಟಿಲ ಮೇಲಿಟ್ಟರು. "ಅವತ್ತು ಬೀಗಿತ್ತಿ ಅಂತ ನಿಮ್ಮನ್ನ ಹೇಳಿದ್ರೆ, ಅವರ ಮುಂದೆ ಮಗಳ ಹಳೇ ಕಥೆ ಎಲ್ಲ ಎದ್ದು ನಿಲ್ತಿತ್ತು. ಗೆಳತಿ ಅನ್ನಬಹುದಿತ್ತು. ಹೊಳೀಲಿಲ್ಲ ನಂಗೆ. ಹೇಳಿದ ಮೇಲೆ ಹೊಳೀತು. ಬೈಯಿರಿ ಬೇಕಾದ್ರೆ."

ನಿಧಾನಮ್ಮ ಪಂಪನ್ನು ಕಿತ್ತು ಮುಚ್ಚಳ ತಿರುಗಿಸಿದಳು. "ಕೆಟ್ಟದಾಗಿತ್ತು ಅದು," ಎಂದಳು.

"ಗೊತ್ತು."

"ಅಲ್ಲೊಂದು ಡೇರೆ ಕಾಯ್ತಿದೆ ನೋಡಿ, ವಾರದಿಂದ. ಹರಿದಿರೋದು ದೊಡ್ಡದಿದೆ."

ಬೀಗಿತ್ತಿ ಕೈಕಾಲು ತೊಳೆದು ಮಿಷನ್ನಿನ ಧೂಳು ಒರೆಸಿದರು. ಆ ವಿಷಯ ಮತ್ತೆ ಎದ್ದಿಲ್ಲ. ಇವರು ನಿಮಗೇನಾಗಬೇಕು ಎಂದು ಹೊಸಬರು ಕೇಳಿದಾಗ ಬೀಗಿತ್ತಿ ಈಗ ಒಂದೊಂದು ಸಲ ಒಂದೊಂದು ಹೇಳುತ್ತಾರೆ.

ಈ ವರ್ಷ ಚಳಿ ಬೀಳುವ ಮುಂಚೆ ಮಗ ಬಂದಿದ್ದ. ಎರಡು ರಾತ್ರಿ ಇದ್ದ. ಕಿಟಕಿಯ ಪಕ್ಕ ಹತ್ತದೆ ಇದ್ದ ದೀಪವನ್ನು ಬಿಚ್ಚಿ ರಿಪೇರಿ ಮಾಡಿದ. ಬೀಗಿತ್ತಿಯನ್ನು ಅತ್ತೆ ಎಂದೇ ಕರೆದ. ಅವರು ಅವನ ಜಾಕೆಟ್ಟಿನ ಕಿತ್ತುಹೋದ ಜೇಬನ್ನು ಕೇಳದೆಯೇ ತೆಗೆದುಕೊಂಡು ಹೊಲಿದರು. ಮಗಳಿಗೆ ಮಗುವಾಗಿದ್ದನ್ನು ತಾವಾಗಿ ಹೇಳಲಿಲ್ಲ. ಅವನೇ ಕೇಳಿದ, ಹೇಳಿದರು. ಹೆಣ್ಣು ಮಗು. ಒಳ್ಳೆಯದಾಯಿತು ಎಂದ.

ಹೊರಡುವ ದಿನ ಇಬ್ಬರೂ ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಬಸ್ಸು ಹೋದ ಮೇಲೆ ನಿಧಾನಮ್ಮ ಎಂಜಿನ್ ಚಾಲೂ ಮಾಡಿ, ವೃತ್ತದ ಹತ್ತಿರ ನಿಲ್ಲಿಸಿ, "ಯಾವ ಕಡೆ?" ಎಂದಳು.

"ಎಡಕ್ಕೆ ಹೋಗಿ. ಟ್ಯಾಂಕಲ್ಲಿ ನೀರಿಲ್ಲ, ಅಲ್ಲಿ ಪೆಟ್ರೋಲ್ ಬಂಕಲ್ಲಿ ನಲ್ಲಿ ಇದೆ," ಎಂದರು ಬೀಗಿತ್ತಿ.