ಕಸದ ಚೀಲ ಹಿಡಿದು ಬರುವ ಹೊತ್ತು

ಎಲಾಡಿಯೊ ಮಗ್ಬನುವಾ ಕಳೆದ ಭಾನುವಾರ ಬೆಳಿಗ್ಗೆ ಹತ್ತು ಐವತ್ತಕ್ಕೆ ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ, ನಿಂತಿದ್ದ ಕಾರಿನೊಳಗೆ ತೀರಿಕೊಂಡರು. ಹೃದಯಾಘಾತ. ಐವತ್ತೇಳು ವರ್ಷ. ಫಿಲಿಪ್ಪೀನ್ಸಿನವರು, ತಮ್ಮ ದೇಶದಿಂದ ಇಲ್ಲಿಗೆ ಮನೆಗೆಲಸಕ್ಕೆ ಬಂದವರ ಕಷ್ಟ ವಿಚಾರಿಸುವ, ಆ ದೇಶದ ಸರ್ಕಾರಿ ಅಧಿಕಾರಿ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಪೊಲೀಸ್.

ಹುಟ್ಟಿದ್ದು ಮೀನುಗಾರರ ಊರಲ್ಲಿ. ಅಪ್ಪನ ದೋಣಿ ತಡವಾದರೆ ಅಮ್ಮ ಅಡುಗೆ ಬಿಟ್ಟು, ಮಗನನ್ನೂ ಎಳೆದುಕೊಂಡು ಹೋಗಿ ದಡದಲ್ಲಿ ನಿಲ್ಲುತ್ತಿದ್ದಳು. ಕಾಯುವವರ ಸಂಕಟ ಹಾಗೆ ಗೊತ್ತಾಗಿತ್ತು. ಆದರೂ ಪೊಲೀಸಾದ ಎರಡನೆಯ ವರ್ಷ ಅದನ್ನು ಮರೆತರು. ಮಗಳು ಸಂತೆಯಿಂದ ಬಂದಿಲ್ಲವೆಂದು ತಾಯೊಬ್ಬಳು ಠಾಣೆಗೆ ಬಂದಾಗ, "ಒಂದು ದಿನ ಕಳೀಲಿ, ಆಮೇಲೆ ಬರ್ಕೊಳ್ಳೋಣ" ಅಂದರು. ಅಂಥ ನಿಯಮವೇ ಇರಲಿಲ್ಲ. ಹಿರಿಯರು ಹೇಳುತ್ತಿದ್ದರು, ಇವರೂ ಹೇಳಿದರು. ತಾಯಿ ಮನೆಗೆ ಹೋಗಲಿಲ್ಲ, ಠಾಣೆಯ ಬೆಂಚಿನ ಮೇಲೆಯೇ ಆ ಒಂದು ದಿನ ಕಳೆದಳು. ಮಗಳು ಕಬ್ಬಿನ ಗದ್ದೆಯಲ್ಲಿ ಹೆಣವಾಗಿ ಸಿಕ್ಕಳು.

ಆಮೇಲೆ ಅವರು ಯಾರಿಗೂ 'ನಾಳೆ ಬಾ' ಅನ್ನಲಿಲ್ಲ. ಕಾಣೆಯಾದವರ ದೂರು ಬಂದರೆ ಊಟದ ತಟ್ಟೆ ಬಿಟ್ಟು ಏಳುವ ಸಾಹೇಬರೆಂದು ಕೈಕೆಳಗಿನವರು ನಗುತ್ತಿದ್ದರು.

ಅವರು ಸಾಯುವ ಹಿಂದಿನ ದಿನ, ಶನಿವಾರ, ಮನೆಗೆಲಸದ ಜೊಸೆಲಿನ್ ಎಂಬ ಹುಡುಗಿ ಫೋನ್ ಮಾಡಿದಳು. "ಮನೆಯವರು ಹೊರಗೆ ಬಿಡಲ್ಲ ಸರ್. ಪಾಸ್‌ಪೋರ್ಟ್ ಅವರ ಹತ್ರ ಇದೆ. ನಾಳೆ ಹತ್ತೂವರೆಗೆ ಕಸ ಹಾಕೋಕೆ ಕೆಳಗೆ ಬರ್ತೀನಿ." ಕಟ್ಟಡದ ಹೆಸರು ಹೇಳಿದ್ದೇ ಕರೆ ಕಡಿಯಿತು. ಬಾಗಿಲು ತಟ್ಟಿದರೆ ಅವಳನ್ನು ಬೇರೆಡೆ ಸಾಗಿಸಿಬಿಟ್ಟಾರು ಎಂಬ ಭಯ ಇವರಿಗೆ. ಭಾನುವಾರ ಹತ್ತಕ್ಕೇ ಆ ಕಟ್ಟಡದ ಗೇಟಿನೆದುರು ಬಂದು ಕೂತರು. ಕಾರು ಓಡಿಸಿದ್ದು ಸೈಬರ್‌ಜಯಾದಲ್ಲಿ ಇವರ ನೆರೆಮನೆಯವರಾದ, ಉಡುಪಿ ಕಡೆಯ ಡಾಕ್ಟರ್ ದಾಮೋದರ.

"ಎಂಥ ಮಾರಾಯ್ರೆ, ಎಸಿ ಹಾಕಿದ್ರೂ ಹೀಗೆ ಬೆವರುದಾ? ಕೈ ಯಾಕೆ ಒತ್ತಿಕೊಳ್ತಾ ಇದ್ದೀರಿ? ಮೊದ್ಲು ಆಸ್ಪತ್ರೆಗೆ ಹೋಗುವ."

"ಅವಳು ಬರ್ಲಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ಹೋಗಿ ಲಾ." ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿಯ ರೂಢಿ ಎಲಾಡಿಯೊಗೂ ಅಂಟಿತ್ತು.

"ನೀವು ಟ್ಯಾಕ್ಸಿಯಲ್ಲಿ ಹೋಗಿ. ಇಲ್ಲಿ ನಾನು ಕಾಯ್ತೇನೆ."

"ನಿಮ್ಮನ್ನ ನೋಡಿದ್ರೆ ಅವಳು ವಾಪಸ್ ಓಡ್ತಾಳೆ. ಥೇಟ್ ಮನೆ ಯಜಮಾನನ ಮುಖ, ಮಾರಾಯ್ರೆ!" ಡಾಕ್ಟರಿಂದಲೇ ಕಲಿತ ಮಾತನ್ನು ಅವರಿಗೇ ತಿರುಗಿಸಿ ನಕ್ಕರು. ನಗು ಅರ್ಧಕ್ಕೆ ನಿಂತಿತು.

ಹತ್ತೂವರೆ ಆಯಿತು. ನಾಯಿ ಹಿಡಿದವರೊಬ್ಬರು ಹೊರಬಂದರು. ಹತ್ತು ನಲವತ್ತು. ಎಲಾಡಿಯೊ ಗೇಟಿನಿಂದ ಕಣ್ಣು ಕೀಳಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತ ಆ ತಾಯಿ ಈಗಲೂ ತನ್ನ ಬೆನ್ನ ಹಿಂದೆಯೇ ಇದ್ದಾಳೆ ಎನ್ನಿಸುತ್ತಿತ್ತು.

ಹತ್ತು ನಲವತ್ತೇಳಕ್ಕೆ ಜೊಸೆಲಿನ್ ಬಂದಳು. ಎರಡು ಕರಿ ಚೀಲಗಳನ್ನು ಎಸೆಯುವುದನ್ನೂ ಮರೆತು, ಕಸದ ಸಮೇತ ಓಡಿಬಂದು ಹಿಂದಿನ ಸೀಟಿನಲ್ಲಿ ಕುಸಿದಳು.

"ಈಗೇನ್ ಮಾಡ್ಲಿ ಸರ್?"

"ಅಮ್ಮನ ನಂಬರ್ ಹೇಳು."

ಅವಳು ಹೇಳಿದಂತೆ ಎಲಾಡಿಯೊ ಒಂದೊಂದೇ ಅಂಕಿ ಒತ್ತಿದರು. ಆ ಕಡೆಯಿಂದ ಹೆಂಗಸಿನ ದನಿ ಕೇಳುವವರೆಗೂ ಫೋನನ್ನು ಕಿವಿಗೆ ಹಿಡಿದಿದ್ದು, ನಂತರ ಹಿಂದಕ್ಕೆ ಕೈಚಾಚಿ ಅವಳಿಗೆ ಕೊಟ್ಟರು. ಆಗ ಹತ್ತು ಐವತ್ತು.