ಅಳಿಯನ ಗಿಟಾರಿನ ತುಂಡು ವಯರು

ಊರವರ ಬಾಯಲ್ಲಿ ಅವನು ಬೆಸುಗೆ ಮಾವ. ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಅಂಗಡಿ. ಕಾಲು ಚಾಚಿದರೆ ಪಾದ ಬೀದಿಗೆ ಬರುತ್ತಿತ್ತು, ತಲೆ ಎತ್ತಿದರೆ ಮೇಲಿನ ಮೆಟ್ಟಿಲು ಬಡಿಯುತ್ತಿತ್ತು. ರೇಡಿಯೋ, ಫ್ಯಾನು, ಮಿಕ್ಸರು, ಮೈಕು, ಏನು ಕೆಟ್ಟರೂ ಅಲ್ಲಿಗೇ ಬರಬೇಕು. ಯಾರ ಬಳಿಯೂ ಕೈಕಟ್ಟಿ ನಿಂತು ಕಲಿತವನಲ್ಲ. "ಗುರುವಿಲ್ಲದ ವಿದ್ಯೆ" ಎಂದು ಯಾರಾದರೂ ಮೂಗು ಮುರಿದರೆ, "ಯಾಕಿಲ್ಲ? ಕರೆಂಟೇ ನನ್ನ ಗುರು. ಒಂದೇ ಸಲ ಹೇಳ್ಕೊಡುತ್ತೆ, ಸಾಯೋವರೆಗೂ ಮರೆಯಲ್ಲ" ಎನ್ನುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಗಿರಾಕಿಯ ಮಾತನ್ನು ಅರ್ಧಕ್ಕೇ ತಡೆಯುತ್ತಿದ್ದ. "ಇಟ್ಟು ಹೋಗಿ. ವಸ್ತುವೇ ಹೇಳುತ್ತೆ." ಆಮೇಲೆ ಬಿಚ್ಚಿ ಕೂತರೆ ಹೇಳಿದ್ದು, ಹೇಳದ್ದು ಎಲ್ಲವನ್ನೂ ಸರಿ ಮಾಡುತ್ತಿದ್ದ. ಸಡಿಲವಾದದ್ದನ್ನು ಬಿಗಿದು, ತುಂಡಾದದ್ದನ್ನು ಬೆಸೆದು, ಮುಚ್ಚಿ ಕೊಡುತ್ತಿದ್ದ. ಇಂಥಿಂಥದ್ದು ಮಾಡಿದ್ದೇನೆ ಎಂದು ಬಾಯಿ ಬಿಡುತ್ತಿರಲಿಲ್ಲ. ಅದು ಅವನ ದೊಡ್ಡಸ್ತಿಕೆ.

ಅವನ ಅಳಿಯ ಗಿಟಾರ್ ಬಾರಿಸಿ ಹಾಡುವವನು. ಸಂಜೆಯಾದರೆ ಜನ ಉಂಡು ಕುಡಿದು ಕೂರುವ ಒಂದು ಹಾಲಿನಲ್ಲಿ ಅವನ ಕೆಲಸ. ಮಾವ ಅಳಿಯನ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಅಳಿಯ ವಯರೊಂದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿಯುತ್ತಿದ್ದುದನ್ನು ಕಂಡು ಮಾವ, "ವಯರಿಗೆ ಹಲ್ಲು ಹಾಕೋದು ಇಲಿ. ಮಗಳನ್ನ ಇಲಿಗೆ ಕೊಟ್ಟೆನೇನೋ" ಎಂದುಬಿಟ್ಟಿದ್ದ. ಅಂದಿನಿಂದ ಅಳಿಯ ತನ್ನ ಗಿಟಾರಿನ ಹೊಟ್ಟೆಯೊಳಗಿನದನ್ನು ಮಾವನಿಗೆ ತೋರಿಸಿರಲಿಲ್ಲ.

ಈಗ ತಾನಾಗಿಯೇ ತಂದ. ತಂತಿಗಳ ಕೆಳಗೆ ಅವುಗಳ ದನಿ ಹಿಡಿಯುವ ಎರಡು ಪಿಕಪ್ಪುಗಳಿದ್ದವು. ಕುತ್ತಿಗೆಯ ಬಳಿ ಇರುವುದರ ದನಿ ದಪ್ಪ, ಬಾಲದ ಕಡೆಯದರ ದನಿ ಚೂಪು. ಎರಡಕ್ಕೂ ಒಂದೊಂದು ವಾಲ್ಯೂಮ್ ತಿರುಗಣೆ.

"ಎರಡನ್ನೂ ಒಟ್ಟಿಗೆ ಹಾಕ್ಕೊಂಡಾಗ ಒಂದನ್ನ ಪೂರ್ತಿ ಇಳಿಸಿದ್ರೆ ಇನ್ನೊಂದೂ ಸತ್ತೋಗುತ್ತೆ ಮಾವ. ಅದರ ಪಾಡಿಗೆ ಅದು ಇರೋ ಹಾಗೆ ಆಗಬೇಕು. ಮತ್ತೆ, ಒಳಗಡೆ ಒಂದು..."

"ಇಟ್ಟು ಹೋಗಿ. ವಸ್ತುವೇ ಹೇಳುತ್ತೆ."

ಅಳಿಯ ಗಿಟಾರನ್ನು ಅಲ್ಲೇ ಇಳಿಸಿದ. ಹೊರಟುಹೋದ.

ಬಿಚ್ಚಿದ ಕೂಡಲೇ ಮಾವನಿಗೆ ರೋಗ ತಿಳಿಯಿತು. ಅವಿಭಕ್ತ ಕುಟುಂಬದಲ್ಲಿ ಅಣ್ಣ ಮುನಿಸಿಕೊಂಡರೆ ಎಲ್ಲರೂ ಉಪವಾಸ ಬೀಳುವ ಹಾಗೆ ಹೆಣೆದಿದ್ದರು. ತಿರುಗಣೆಗೆ ಮೂರು ಕಾಲು. ಪಿಕಪ್ಪಿನ ವಯರು ಅಂಚಿನ ಕಾಲಿಗೆ, ಹೊರಗೆ ಹೋಗುವ ವಯರು ನಡುಗಾಲಿಗೆ. ಒಂದನ್ನು ಸೊನ್ನೆಗೆ ತಿರುಗಿಸಿದರೆ ಹೊರಗೆ ಹೋಗುವ ದಾರಿಯೇ ನೆಲ ಸೇರುತ್ತದೆ, ಇನ್ನೊಂದರ ದನಿಯೂ ಅದೇ ಗುಂಡಿಗೆ ಬೀಳುತ್ತದೆ. ಎರಡೂ ತಿರುಗಣೆಗಳಲ್ಲಿ ಆ ವಯರುಗಳನ್ನು ಅದಲುಬದಲು ಮಾಡಿದ. ಪಿಕಪ್ಪು ನಡುಗಾಲಿಗೆ ಬಂತು, ಹೊರದಾರಿ ಅಂಚಿಗೆ ಹೋಯಿತು. ಈಗ ಸೊನ್ನೆ ಮಾಡಿದರೆ ಆ ಪಿಕಪ್ಪು ಮಾತ್ರ ಮಲಗುತ್ತದೆ, ಇನ್ನೊಂದು ಹಾಡಿಕೊಂಡಿರುತ್ತದೆ. ಇಳಿಸುವಾಗ ದನಿ ತುಸು ಮಬ್ಬಾಗುತ್ತದೆ, ಅಷ್ಟು ಸುಂಕ ಕೊಡಲೇಬೇಕು.

ಮುಚ್ಚುವ ಮುನ್ನ ಕಣ್ಣಿಗೆ ಬಿತ್ತು. ತಂತಿಗಳು ಕೂರುವ ಲೋಹದ ಸೇತುವೆಯಿಂದ ಒಳಗೆ ಬರುವ ನೆಲದ ವಯರು, ಅಂದರೆ ಅರ್ತ್, ತುಂಡಾಗಿತ್ತು. ಸವೆದು ಹರಿದದ್ದಲ್ಲ, ಇಕ್ಕುಳದಲ್ಲಿ ನೀಟಾಗಿ ಕತ್ತರಿಸಿದ್ದು. ಅದಿಲ್ಲದಿದ್ದರೆ ಗಿಟಾರು ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತದೆ. 'ಇಲಿಯ ಕೆಲಸ' ಎಂದು ಮಾವ ಮೀಸೆಯಡಿಯಲ್ಲೇ ನಕ್ಕು, ಎರಡು ತುದಿ ಸುಲಿದು, ಹೊಸೆದು, ಗಟ್ಟಿಯಾಗಿ ಬೆಸೆದ. ಎಳೆದು ನೋಡಿದ. ಎತ್ತು ಎಳೆದರೂ ಬಾರದು. ಅಳಿಯ ಬಂದಾಗ ಗಿಟಾರನ್ನು ಕೈಗಿತ್ತ, ವಯರಿನ ಮಾತೆತ್ತಲಿಲ್ಲ. ಅಳಿಯನೂ ಕೇಳಲಿಲ್ಲ.

ಅದೇ ಸಂಜೆ ಮಗಳು ತವರಿಗೆ ಬಂದು ಅಪ್ಪನ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು.

"ಅಪ್ಪಾ, ಬೈಬೇಡ, ಒಂದು ಹೇಳ್ತೀನಿ. ಹಾಡುವಾಗ ಮೈಕಿಗೆ ತುಟಿ ತಾಗಿದ್ರೆ ಇರುವೆ ಕಚ್ಚಿದ ಹಾಗೆ ಆಗ್ತಿತ್ತಂತೆ ಅವರಿಗೆ. ಅದಕ್ಕೇ ಗಿಟಾರಲ್ಲಿ ಯಾವುದೋ ವಯರು ಕತ್ತರಿಸಿಬಿಟ್ಟಿದ್ರು. ಆಮೇಲೆ ಏನಿಲ್ಲ. ನೀನು ನೋಡಿ ಬೈತೀಯ ಅಂತ ಹೆದರಿದ್ರು. ನೀನೇನೂ ಅನ್ನಲಿಲ್ಲವಂತೆ, ಖುಷಿಯಾಗಿ ಹೋದ್ರು."

ಮಾವ ದಡಕ್ಕನೆ ಎದ್ದ.

"ಆ ಹಾಲಿನ ಆಂಪ್ಲಿಫೈರಿಗೆ ಎಷ್ಟು ಕಡ್ಡಿಯ ಪ್ಲಗ್ಗಮ್ಮ?"

"ನನಗೇನು ಗೊತ್ತು? ಹಳೇ ಪೆಟ್ಟಿಗೆ. ಮುಟ್ಟಿದ್ರೆ ಜುಂ ಅನ್ನುತ್ತೆ ಅಂತ ನಗ್ತಿರ್ತಾರೆ. ಎಲ್ಲಿಗಪ್ಪಾ? ಚಪ್ಪಲಿ!"

ರಬ್ಬರ್ ಹಿಡಿಯ ಇಕ್ಕುಳ ಮತ್ತು ಟೆಸ್ಟ್ ಬಲ್ಬು ಇದ್ದ ಕೈಚೀಲವನ್ನು ಎಳೆದುಕೊಂಡು ಅವನು ಆಗಲೇ ಬೀದಿಯಲ್ಲಿದ್ದ. ಓಡಲೊಲ್ಲೆನೆಂದು ಅವನ ಹಳೇ ಮಂಡಿ ಮುಷ್ಕರ ಹೂಡಿತ್ತು. ಆ ಪೆಟ್ಟಿಗೆಯೊಳಗೆ ಎಲ್ಲೋ ಕರೆಂಟು ಸೋರುತ್ತಿದೆ. ಪೆಟ್ಟಿಗೆಯಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಗಿಟಾರಿಗೆ, ಅಲ್ಲಿಂದ ತಾನು ಬೆಸೆದ ವಯರಿಗೆ, ವಯರಿನಿಂದ ಆರು ತಂತಿಗೆ, ತಂತಿಯಿಂದ ಅಳಿಯನ ಬೆರಳಿಗೆ. ಅಲ್ಲಿಯವರೆಗೆ ಕಾದು ಕೂತಿರುತ್ತದೆ. ತುಟಿ ಮೈಕಿಗೆ ತಾಗಿತೋ, ಅದರ ಮೂಲಕ ನೆಲಕ್ಕೆ ದಾರಿ ಪೂರ್ತಿಯಾಯಿತು. ಅಂದು ಇರುವೆಯಾಗಿದ್ದದ್ದು ಇಷ್ಟು ದಿನದಲ್ಲಿ ಏನಾಗಿ ಬೆಳೆದಿದೆಯೋ. ವಯರು ತುಂಡಾಗಿದ್ದಾಗ ಅದು ಬೆಳೆದದ್ದು ಯಾರಿಗೂ ಗೊತ್ತಾಗಿರಲಾರದು.

ಹಾಲಿನ ತಿರುವಿನಲ್ಲಿ ಗಿಟಾರು ಕೇಳಿಸಿತು. ದಪ್ಪ ದನಿ ಮೆಲ್ಲಗೆ ಕರಗಿತು, ಚೂಪು ದನಿ ಒಂದೇ ನಿಂತು ಹಾಡಿತು. ತಿರುಗಣೆಗಳು ಹೇಳಿದ ಮಾತು ಕೇಳುತ್ತಿದ್ದವು. ಆ ದನಿಯ ಹಿಂದೆ ಗುಂಯ್ ಎನ್ನುವ ಸದ್ದು ಒಂದು ಎಳೆಯೂ ಇರಲಿಲ್ಲ. ಬೆಸುಗೆ ಗಟ್ಟಿಯಾಗಿ ಹಿಡಿದಿತ್ತು. ಜೀವಮಾನದಲ್ಲಿ ಮೊದಲ ಸಲ ಮಾವನಿಗೆ ತನ್ನ ಕೈಕೆಲಸ ಕೆಟ್ಟಿರಬಾರದಿತ್ತೇ ಅನಿಸಿತು.

ಒಳಗೆ ಹೊಗೆ, ನಗು, ತಟ್ಟೆ ಲೋಟಗಳ ಸದ್ದು. ಅಳಿಯ ಇನ್ನೂ ಬರಿಯ ಗಿಟಾರ್ ಬಾರಿಸುತ್ತಿದ್ದ. ಮಾವ ಕೂಗಿದ. ಕೇಳುವವರು ಯಾರು? ಅಳಿಯ ಕಣ್ಣು ಮುಚ್ಚಿ, ಹಾಡು ಎತ್ತಲು ಮೈಕಿನ ಕಡೆ ಬಾಗಿದ. ಮಾವ ಗೋಡೆ ಹಿಡಿದು ವೇದಿಕೆಯ ಹಿಂದೆ ನುಗ್ಗಿ, ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತ. ಎರಡೇ ಕಡ್ಡಿ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಮೂರನೆಯದು ಇರಲೇ ಇಲ್ಲ.

ಸದ್ದು ನಿಂತಿತು. ಅಳಿಯನ ತುಟಿಗೂ ಮೈಕಿಗೂ ನಡುವೆ ಎರಡು ಬೆರಳು ಜಾಗವಿತ್ತು.

"ಮಾವನಿಗೆ ಅಳಿಯನ ಹಾಡು ಸೇರಲ್ಲ ಅನ್ನಿ!" ಎಂದು ಡ್ರಮ್ಮಿನವನು ಹಲ್ಲು ಕಿರಿದ. ಜನ ಗೊಳ್ಳೆಂದರು.

"ಏನ್ ಮಾವ ಇದು, ಎಲ್ಲರೆದುರು..." ಅಳಿಯನ ಮುಖ ಕೆಂಪೇರಿತು.

"ಗಿಟಾರ್ ಆ ಮರದ ಕುರ್ಚಿ ಮೇಲೆ ಮಲಗಿಸು. ಕೈ ತೆಗಿ. ಇನ್ನೂ ದೂರ."

ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಟೆಸ್ಟ್ ಬಲ್ಬಿನ ಒಂದು ವಯರನ್ನು ಗಿಟಾರಿನ ತಂತಿಗೆ ಮುಟ್ಟಿಸಿದ, ಇನ್ನೊಂದನ್ನು ಮೈಕಿನ ತಲೆಗೆ. ಬಲ್ಬು ಮಿಣುಕಲಿಲ್ಲ. ಮನೆಯ ದೀಪದ ಹಾಗೆ ಧಗ್ಗನೆ ಹೊತ್ತಿಕೊಂಡಿತು. ನಗುತ್ತಿದ್ದವರು ವೇದಿಕೆಯಿಂದ ಹಿಂದೆ ಸರಿದರು.

"ನಾನು ಆ ವಯರು ಕತ್ತರಿಸಿದ್ದೆನಲ್ಲ ಮಾವ," ಎಂದ ಅಳಿಯ, ಬಲ್ಬನ್ನೇ ನೋಡುತ್ತಾ. "ಯಾರು ಸೇರಿಸಿದ್ದು?"

"ನಾನೇ."

ಹಾಲಿನ ಯಜಮಾನ ಹೊಟ್ಟೆ ತಳ್ಳಿಕೊಂಡು ಬಂದ. "ಈ ಪೆಟ್ಟಿಗೆ ಮೊದಲಿಂದಲೂ ಹೀಗೇ. ಯಾರು ಸತ್ತಿದ್ದಾರೆ? ಆ ವಯರು ಮತ್ತೆ ಕತ್ತರಿಸಿ ಬಾರಿಸಪ್ಪ, ಜನ ಕಾಯ್ತಿದ್ದಾರೆ."

ಅಳಿಯ ಇಕ್ಕುಳಕ್ಕೆ ಕೈ ಚಾಚಿದ. ಮಾವ ಕೊಡಲಿಲ್ಲ. ಪ್ಲಗ್ಗು ಕಿತ್ತು, ಪೆಟ್ಟಿಗೆಯ ವಯರನ್ನು ಬುಡದಲ್ಲೇ ಕಟಕ್ಕನೆ ಕತ್ತರಿಸಿದ.

"ಕತ್ತರಿಸಬೇಕಾದ್ದು ಇದು. ಪೆಟ್ಟಿಗೆ ನನಗೆ ಕೊಡಿ, ಸರಿ ಮಾಡಿ ತಂದುಕೊಡ್ತೀನಿ."

"ನಿನ್ನ ಕೈ ಸೋಕಿದ್ದು ಸಾಕು! ಇಬ್ಬರೂ ಆಚೆ ನಡೀರಿ!"

ಮಾವ ಅಳಿಯ ಹೊರಗೆ ಬಂದರು. ಅಳಿಯ ಗಿಟಾರು ಹೊತ್ತು ಮುಂದೆ ನಡೆದ, ತಾಗಿಯೇ ಇರದ ತುಟಿಯನ್ನು ಮುಂಗೈಯಿಂದ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ.

"ಅವತ್ತು ಹೇಳೋಕೆ ಬಂದೆ ನಾನು," ಎಂದ, ತಿರುಗದೆ. "ನೀವು ಬಿಡಲಿಲ್ಲ."

ಮಾವ ಮಂಡಿ ಎಳೆಯುತ್ತಾ ಅವನ ಸಮಕ್ಕೆ ಬಂದ.

ಹಿಂದೆ ಕಿಟಕಿಯಿಂದ ಯಜಮಾನನ ದನಿ ಬಂತು. "ಏಯ್, ಫ್ಯಾನಿನ ವಯರು ಬಿಚ್ಚಿ ಇದಕ್ಕೆ ಹೊಸೆದಾಯ್ತೇನ್ರೋ? ಹಾಗಾದ್ರೆ ಸಿಕ್ಕಿಸ್ರೋ! ಒಳಗೆ ಹಳೇ ಗಿಟಾರೊಂದಿದೆ ನೋಡು. ಡ್ರಮ್ಮಿನವನೇ, ನಿಂಗೆ ನಾಲ್ಕು ಹಾಡು ಬರುತ್ತಲ್ಲ, ನೀನೇ ಹಿಡಿ."

ಅಳಿಯ ನಿಂತ.

"ಮಾವ, ಆ ಗಿಟಾರಲ್ಲಿ ನೆಲದ ವಯರು ಕತ್ತರಿಸಿಲ್ಲ. ನಾನೇ ನೋಡಿದೀನಿ."

ಮಾವ ಏನೋ ಹೇಳುವಷ್ಟರಲ್ಲಿ ಅಳಿಯ ತನ್ನ ಗಿಟಾರನ್ನು ಅವನ ತೋಳಿಗೆ ತಳ್ಳಿ ಹಾಲಿನ ಕಡೆ ಓಡಿದ್ದ. ಕಿಟಕಿಯೊಳಗೆ ಆಂಪ್ಲಿಫೈರಿನ ಕೆಂಪು ದೀಪ ಹೊತ್ತಿತು. ಮಾವ ಕುಂಟುತ್ತಾ ಅವನ ಬೆನ್ನು ಹಿಡಿದ.